ಭೂಸೇನಾ ಮುಖ್ಯಸ್ಥರು: ಅಧಿಕಾರವೆಷ್ಟು, ಹೊಣೆಯೆಷ್ಟು?

ಸುಮಾರು 12 ಲಕ್ಷ ಯೋಧರನ್ನು ಹೊಂದಿರುವ ಭಾರತೀಯ ಭೂಸೇನೆಯ ಅತ್ಯುನ್ನತ ಅಧಿಕಾರಿಯನ್ನು ಕನ್ನಡದಲ್ಲಿ ಮಹಾದಂಡನಾಯಕ, ಸೇನಾಪತಿ, ಭೂಸೇನಾ ಮುಖ್ಯಸ್ಥ ಎಂದು ಹಲವು ಹೆಸರುಗಳಿಂದ ಕರೆಯುವುದುಂಟು. ಕೇಳುವುದಕ್ಕೆ ಮೂರೂ ಒಂದೇ ಅರ್ಥ ಕೊಡುತ್ತವೆ. ಆದರೆ ಕಾನೂನಿನ ದೃಷ್ಟಿಯಿಂದ ಮೊದಲ ಎರಡು ಹೆಸರುಗಳು 1955ರಿಂದೀಚೆಗೆ ಸಲ್ಲುವುದಿಲ್ಲ. ಆ ವರ್ಷದ ಏಪ್ರಿಲ್ 1ರಂದು ‘ಕಮಾಂಡರ್ ಇನ್ ಚೀಫ್’ ಎಂಬ ಪದನಾಮವನ್ನು ಸಂಸತ್ತಿನ ಕಾಯ್ದೆಯ ಮೂಲಕವೇ ತೆಗೆದುಹಾಕಿ, ‘ಚೀಫ್ ಆಫ್ ದಿ ಆರ್ಮಿ ಸ್ಟಾಫ್’ ಎಂಬ ಹೊಸ ಹೆಸರನ್ನು ಜಾರಿಗೆ ತರಲಾಯಿತು. ಹಳೆಯ ಹೆಸರಿನಲ್ಲಿ ಅಧಿಕಾರ ವಹಿಸಿಕೊಂಡು ಹೊಸ ಹೆಸರಿನಲ್ಲಿ ನಿವೃತ್ತರಾದವರು ಜನರಲ್ ಮಹಾರಾಜ ರಾಜೇಂದ್ರಸಿಂಹಜಿ. ಅವರ ಮುಂಚಿನ ಜನರಲ್ ಕೆ.ಎಂ. ಕಾರ್ಯಪ್ಪ ತಮ್ಮ ಅವಧಿಯ ಕೊನೆಯ ದಿನದವರೆಗೂ ಕಮಾಂಡರ್ ಇನ್ ಚೀಫ್ ಆಗಿಯೇ ಇದ್ದರು.

ಇದು ಕೇವಲ ಫಲಕ ಬದಲಾಯಿಸುವ ಕೆಲಸವಾಗಿರಲಿಲ್ಲ. ಸೇನೆಗೆ ‘ಆಜ್ಞೆ ಕೊಡುವವನು’ ಎಂಬುದು ಹಳೆಯ ಪದನಾಮದ ಅರ್ಥ. ಸರ್ಕಾರದ ಪರವಾಗಿ ಸೇನೆಯ ಆಡಳಿತ ಯಂತ್ರವನ್ನು ನಡೆಸಿ, ಸರ್ಕಾರಕ್ಕೆ ‘ಸಲಹೆ ಕೊಡುವವನು’ ಎಂಬುದು ಹೊಸದರ ಅರ್ಥ. ವಾಸ್ತವದಲ್ಲಿ ಮುಖ್ಯಸ್ಥರ ಆದೇಶ ಇಂದಿಗೂ ಸೇನೆಯ ಮೂಲೆಮೂಲೆಗೆ ತಲುಪುತ್ತದೆ, ಪಾಲನೆಯೂ ಆಗುತ್ತದೆ. ಆದರೂ ಯುದ್ಧ ಮಾಡಬೇಕೆ, ಬೇಡವೆ, ಎಲ್ಲಿಯವರೆಗೆ ಮಾಡಬೇಕು ಎಂಬ ನಿರ್ಧಾರ ಅವರದಲ್ಲ. ಆ ನಿರ್ಧಾರ ಕೈಗೊಳ್ಳುವವರಿಗೆ ಸತ್ಯವನ್ನು ಹೇಳುವುದು ಮಾತ್ರ ಅವರದು. ಈ ಹುದ್ದೆಯ ಏಳುಬೀಳಿನ ಕತೆಯೆಲ್ಲ ಈ ಒಂದು ಗೆರೆಯ ಆಚೀಚೆ ನಡೆದಿದೆ.

ವೈಸರಾಯ್‌ಗೆ ಎದುರಾಗಿ ನಿಂತ ಹುದ್ದೆ

ಬ್ರಿಟಿಷರ ಕಾಲದ ಕಮಾಂಡರ್ ಇನ್ ಚೀಫ್ ಅಪಾರ ಪ್ರಭಾವಶಾಲಿ. ವೈಸರಾಯ್ ಅವರ ಕಾರ್ಯಕಾರಿ ಮಂಡಳಿಯಲ್ಲಿ ಅವರಿಗೆ ಸ್ಥಾನವಿರುತ್ತಿತ್ತು. ಸೇನೆಯ ಮುಖ್ಯಸ್ಥನೂ ಅವರೇ, ಸೇನೆಯ ಕುರಿತು ಸರ್ಕಾರದೊಳಗೆ ಮಾತನಾಡುವವರೂ ಅವರೇ. ಈ ಎರಡು ಪಾತ್ರಗಳು ಒಬ್ಬನ ಕೈಯಲ್ಲಿರಬೇಕೇ ಎಂಬ ಪ್ರಶ್ನೆಯ ಮೇಲೆಯೇ ವೈಸರಾಯ್ ಲಾರ್ಡ್ ಕರ್ಜನ್ ಹಾಗೂ ಕಮಾಂಡರ್ ಇನ್ ಚೀಫ್ ಲಾರ್ಡ್ ಕಿಚನರ್ ನಡುವೆ ಜಗಳ ಹುಟ್ಟಿತು. ಮಂಡಳಿಯಲ್ಲಿ ತಮ್ಮ ಹೊರತಾಗಿ ಇನ್ನೊಬ್ಬ ಸೇನಾ ಸದಸ್ಯ ಇರಕೂಡದೆಂದು ಕಿಚನರ್ ಹಟ ಹಿಡಿದರು. ಲಂಡನ್ ಬಹುಮಟ್ಟಿಗೆ ಕಿಚನರ್ ಪರ ವಹಿಸಿತು. 1905ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟವರು ವೈಸರಾಯ್, ಸೇನಾಪತಿಯಲ್ಲ.

ದೆಹಲಿಯಲ್ಲಿ ಕಮಾಂಡರ್ ಇನ್ ಚೀಫ್ ವಾಸಕ್ಕೆಂದು ಕಟ್ಟಲಾಗಿದ್ದ ‘ಫ್ಲಾಗ್‌ಸ್ಟಾಫ್ ಹೌಸ್’ ಎಂಬ ಭವ್ಯ ಬಂಗಲೆ ಸ್ವಾತಂತ್ರ್ಯಾನಂತರ, 1948ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರ ನಿವಾಸವಾಯಿತು. ಅದೇ ಇಂದಿನ ತೀನ್ ಮೂರ್ತಿ ಭವನ. ಹೊಸ ವ್ಯವಸ್ಥೆಯಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದನ್ನು ಯಾವ ಸುತ್ತೋಲೆಯೂ ಇಷ್ಟು ಸ್ಪಷ್ಟವಾಗಿ ಹೇಳಿರಲಾರದು.

1947ರ ಆಗಸ್ಟ್ 15ರಂದು ಜನರಲ್ ಸರ್ ರಾಬ್ ಲಾಕ್‌ಹಾರ್ಟ್, ಮುಂದಿನ ಜನವರಿಯಲ್ಲಿ ಜನರಲ್ ಸರ್ ರಾಯ್ ಬುಚರ್ ಭಾರತೀಯ ಸೇನೆಯ ಚುಕ್ಕಾಣಿ ಹಿಡಿದರು. ಕೊಡಗಿನ ಶನಿವಾರಸಂತೆಯಲ್ಲಿ ಜನಿಸಿದ ಕಾರ್ಯಪ್ಪ ಅವರು ಬುಚರ್ ಅವರಿಂದ ಅಧಿಕಾರ ಸ್ವೀಕರಿಸಿದ್ದು 1949ರ ಜನವರಿ 15ರಂದು. ಪ್ರತಿವರ್ಷ ಸೇನಾ ದಿನವನ್ನು ಆಚರಿಸುವುದು ಅದರ ನೆನಪಿಗಾಗಿಯೇ. ನೇರ ನಡೆನುಡಿಯ ಕಾರ್ಯಪ್ಪ ಅವರಿಗೆ ಸೇನೆಯ ಹೊರಗಿನ ವಿಷಯಗಳ ಬಗೆಗೂ ಬಹಿರಂಗವಾಗಿ ಅಭಿಪ್ರಾಯ ಹೇಳುವ ಅಭ್ಯಾಸವಿತ್ತು. ಪತ್ರಿಕಾಗೋಷ್ಠಿಗಳನ್ನು ಕಡಿಮೆ ಮಾಡುವಂತೆ 1952ರಲ್ಲಿ ನೆಹರೂ ಅವರೇ ಪತ್ರ ಬರೆದು ಸೂಚಿಸಬೇಕಾಯಿತು. 1953ರಲ್ಲಿ ನಿವೃತ್ತರಾದ ಮೇಲೆ ಅವರನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಹೈಕಮಿಷನರ್ ಆಗಿ ಕಳುಹಿಸಲಾಯಿತು. ಫೀಲ್ಡ್ ಮಾರ್ಷಲ್ ಗೌರವ ಅವರಿಗೆ ದೊರೆತದ್ದು ನಿವೃತ್ತಿಯ 33 ವರ್ಷಗಳ ನಂತರ, 1986ರಲ್ಲಿ.

ಇದೇ ಬ್ರಿಟಿಷ್ ಇಂಡಿಯನ್ ಸೇನೆಯಿಂದ ಹುಟ್ಟಿದ ಪಾಕಿಸ್ತಾನದ ಸೇನೆ ಹಿಡಿದ ಹಾದಿ ಬೇರೆ. ಅಲ್ಲಿ ಕಮಾಂಡರ್ ಇನ್ ಚೀಫ್ ಎಂಬ ಹೆಸರು 1972ರವರೆಗೂ ಉಳಿಯಿತು. ಅಷ್ಟರಲ್ಲಿ ಅಯೂಬ್ ಖಾನ್ 1958ರಲ್ಲೂ ಯಾಹ್ಯಾ ಖಾನ್ 1969ರಲ್ಲೂ ದೇಶದ ಅಧಿಕಾರವನ್ನೇ ಕೈಗೆ ತೆಗೆದುಕೊಂಡಿದ್ದರು. ಹಾಗೆಂದು ಪದನಾಮ ಬದಲಾಯಿಸಿದರೆ ಸಾಕು ಎನ್ನುವಂತೆಯೂ ಇಲ್ಲ. 1977ರಲ್ಲಿ ಜಿಯಾ ಉಲ್ ಹಕ್, 1999ರಲ್ಲಿ ಪರ್ವೇಜ್ ಮುಷರಫ್ ಅಧಿಕಾರ ಕಸಿದುಕೊಂಡದ್ದು ಹೊಸ ಪದನಾಮದಲ್ಲಿದ್ದಾಗಲೇ. 2025ರ ನವೆಂಬರ್‌ನಲ್ಲಿ ಅಂಗೀಕಾರವಾದ 27ನೇ ಸಂವಿಧಾನ ತಿದ್ದುಪಡಿಯಂತೂ ಅಲ್ಲಿನ ಭೂಸೇನಾ ಮುಖ್ಯಸ್ಥರನ್ನೇ ಮೂರೂ ಪಡೆಗಳ ಮುಖ್ಯಸ್ಥರನ್ನಾಗಿ ಮಾಡಿತು.

ಕಾಗದದ ಮೇಲಿನ ಅಧಿಕಾರ

ಭಾರತದ ಸಂವಿಧಾನದಲ್ಲಿ ರಕ್ಷಣಾ ಪಡೆಗಳ ಪರಮೋಚ್ಚ ಅಧಿಪತ್ಯವನ್ನು 53ನೇ ವಿಧಿ ರಾಷ್ಟ್ರಪತಿಗಳಿಗೆ ವಹಿಸಿದೆ. ಅದರ ಚಲಾವಣೆ ಕಾನೂನಿಗೆ ಒಳಪಟ್ಟಿರಬೇಕೆಂದು ಅದೇ ವಿಧಿ ಹೇಳುತ್ತದೆ. ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯುವುದರಿಂದ ನಿಜವಾದ ತೀರ್ಮಾನ ಕೇಂದ್ರ ಸಂಪುಟದ್ದು, ಅದರಲ್ಲೂ ಪ್ರಧಾನಿ ನೇತೃತ್ವದ ಭದ್ರತಾ ಸಂಪುಟ ಸಮಿತಿಯದು. ಭೂಸೇನಾ ಮುಖ್ಯಸ್ಥರು ಈ ಸಮಿತಿಯ ಸದಸ್ಯರಲ್ಲ, ಕರೆದಾಗ ಹೋಗಿ ವಿವರಣೆ ನೀಡುತ್ತಾರೆ.

ಇದಕ್ಕಿಂತ ಸೇನೆಯನ್ನು ಹೆಚ್ಚು ಕಾಡಿದ ಸಂಗತಿ ಬೇರೊಂದಿದೆ. 1961ರ ಕಾರ್ಯಹಂಚಿಕೆ ನಿಯಮಗಳು ದೇಶದ ರಕ್ಷಣೆಯ ಹೊಣೆಯನ್ನು ರಕ್ಷಣಾ ಇಲಾಖೆಗೆ, ಅಂದರೆ ನಾಗರಿಕ ಅಧಿಕಾರಿಯಾದ ರಕ್ಷಣಾ ಕಾರ್ಯದರ್ಶಿಯ ಇಲಾಖೆಗೆ ವಹಿಸಿದ್ದವು. ಸೇನಾ ಪ್ರಧಾನ ಕಚೇರಿ ಅದಕ್ಕೆ ಲಗತ್ತಾದ ಕಚೇರಿ ಮಾತ್ರ. ಲಕ್ಷಾಂತರ ಯೋಧರ ಮುಖ್ಯಸ್ಥರ ಕಡತ ಸಚಿವಾಲಯದ ಮೇಜುಗಳನ್ನು ದಾಟಿಯೇ ಮೇಲೇರಬೇಕಿತ್ತು. ಕಾರ್ಗಿಲ್ ಯುದ್ಧದ ನಂತರ ಸಚಿವರ ಗುಂಪು 2001ರಲ್ಲಿ ನೀಡಿದ ವರದಿಯನ್ನು ಅನುಸರಿಸಿ ಈ ಕಚೇರಿಗೆ ‘ರಕ್ಷಣಾ ಸಚಿವಾಲಯದ ಸಮಗ್ರ ಪ್ರಧಾನ ಕಚೇರಿ’ ಎಂಬ ದೊಡ್ಡ ಹೆಸರು ಬಂತು. ಹೆಸರು ಬದಲಾದಷ್ಟು ಕೆಲಸದ ರೀತಿ ಬದಲಾಗಲಿಲ್ಲ ಎಂಬ ಟೀಕೆ ನಿವೃತ್ತ ಸೇನಾಧಿಕಾರಿಗಳಿಂದ ಮತ್ತೆ ಮತ್ತೆ ಕೇಳಿಬಂದಿದೆ.

ಸೇನೆಯ ಒಳಗೆ ಮಾತ್ರ ಮುಖ್ಯಸ್ಥರ ಮಾತು ಬಹುಪಾಲು ಅಂತಿಮ. 1950ರ ಸೇನಾ ಕಾಯ್ದೆಯ ಪ್ರಕಾರ ಅವರು ಜನರಲ್ ಕೋರ್ಟ್ ಮಾರ್ಷಲ್ ಕರೆಯಬಹುದು, ಅದನ್ನು ಕರೆಯುವ ಅಧಿಕಾರವನ್ನು ಇತರ ಅಧಿಕಾರಿಗಳಿಗೂ ನೀಡಬಹುದು. ಅಧಿಕಾರಿಗಳಲ್ಲದ ಯಾವುದೇ ಯೋಧನನ್ನು ಸೇವೆಯಿಂದ ವಜಾ ಮಾಡಬಹುದು. ಆದರೆ ಒಬ್ಬ ಲೆಫ್ಟಿನೆಂಟ್‌ನನ್ನಾದರೂ ಕೋರ್ಟ್ ಮಾರ್ಷಲ್ ಇಲ್ಲದೆ ತಮ್ಮಷ್ಟಕ್ಕೆ ಮನೆಗೆ ಕಳುಹಿಸಲಾರರು, ಆ ಅಧಿಕಾರ ಕೇಂದ್ರ ಸರ್ಕಾರದ್ದು. ತರಬೇತಿ, ನಿಯೋಜನೆ, ಬಡ್ತಿ ಮಂಡಳಿಗಳು, ಯುದ್ಧ ಯೋಜನೆ, ಶಿಸ್ತು ಎಲ್ಲವೂ ಅವರ ಮೇಲ್ವಿಚಾರಣೆಗೆ ಸೇರಿದರೂ ಅತ್ಯುನ್ನತ ದರ್ಜೆಗಳಿಗೆ ಏರುವವರ ಪಟ್ಟಿಗೆ ಸರ್ಕಾರದ ಒಪ್ಪಿಗೆ ಬೇಕು. ದೊಡ್ಡ ಶಸ್ತ್ರಾಸ್ತ್ರ ಖರೀದಿಯೂ ಹಾಗೆಯೇ: ಬೇಕೆಂದು ಕೇಳುವುದು ಸೇನೆ, ಕೊಳ್ಳುವುದು ಸಚಿವಾಲಯ.

ರಣರಂಗದ ನೇರ ನಾಯಕತ್ವವೂ ಮುಖ್ಯಸ್ಥರದಲ್ಲ. ಭೂಸೇನೆಯ ಆರು ಕಾರ್ಯಾಚರಣಾ ಕಮಾಂಡ್‌ಗಳು ಉಧಂಪುರ, ಚಂಡಿಮಂದಿರ, ಜೈಪುರ, ಲಖನೌ, ಕೋಲ್ಕತ್ತ ಮತ್ತು ಪುಣೆಗಳಲ್ಲಿವೆ. ಪ್ರತಿಯೊಂದಕ್ಕೂ ಲೆಫ್ಟಿನೆಂಟ್ ಜನರಲ್ ದರ್ಜೆಯ ಕಮಾಂಡರ್ ಇದ್ದಾರೆ. ಶಿಮ್ಲಾದ್ದು ತರಬೇತಿ ಕಮಾಂಡ್. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಶರಣಾಗತಿ ಪತ್ರವನ್ನು ಸ್ವೀಕರಿಸಿ ಸಹಿ ಹಾಕಿದವರು ಪೂರ್ವ ಕಮಾಂಡ್‌ನ ಲೆಫ್ಟಿನೆಂಟ್ ಜನರಲ್ ಜಗಜಿತ್ ಸಿಂಗ್ ಅರೋರಾ. ಭೂಸೇನಾ ಮುಖ್ಯಸ್ಥ ಜನರಲ್ ಮಾಣೆಕ್‌ಷಾ ಆ ಮೇಜಿನ ಬಳಿ ಇರಲೇ ಇಲ್ಲ.

ಮುಚ್ಚಿದ ಬಾಗಿಲ ಹಿಂದೆ

ಹಾಗಾದರೆ ಮುಖ್ಯಸ್ಥರ ನಿಜವಾದ ಬಲ ಎಲ್ಲಿದೆ? ಸಚಿವರ ಎದುರು ಕುಳಿತು ಆಡುವ ನಾಲ್ಕು ಮಾತುಗಳಲ್ಲಿ. ಆ ಮಾತನ್ನು ಕೇಳಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಕೇಳದಿದ್ದರೆ ಏನಾಗುತ್ತದೆ, ಹೇಳಬೇಕಾದ್ದನ್ನು ಗಟ್ಟಿಯಾಗಿ ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ 1959ರಿಂದ 1971ರವರೆಗಿನ ಹನ್ನೆರಡು ವರ್ಷಗಳು ಸಾಕ್ಷಿ.

ಮಡಿಕೇರಿಯಲ್ಲಿ ಜನಿಸಿದ ಜನರಲ್ ಕೆ.ಎಸ್. ತಿಮ್ಮಯ್ಯ 1957ರ ಮೇ ತಿಂಗಳಿನಲ್ಲಿ ಭೂಸೇನಾ ಮುಖ್ಯಸ್ಥರಾದರು. ಕೊರಿಯಾ ಯುದ್ಧಾನಂತರ ಕೈದಿಗಳ ಹಸ್ತಾಂತರದ ಆಯೋಗದ ಅಧ್ಯಕ್ಷರಾಗಿ ಅವರು ಆಗಲೇ ವಿಶ್ವಖ್ಯಾತರಾಗಿದ್ದರು. ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರೊಂದಿಗೆ ಅವರ ಸಂಬಂಧ ಕೆಟ್ಟದ್ದು ಮುಖ್ಯವಾಗಿ ಹಿರಿಯ ಅಧಿಕಾರಿಗಳ ಬಡ್ತಿಯ ವಿಷಯದಲ್ಲಿ. ಯುದ್ಧಭೂಮಿಯ ಅನುಭವ ಕಡಿಮೆಯಿದ್ದ ಬಿ.ಎಂ. ಕೌಲ್ ಅವರನ್ನು ಲೆಫ್ಟಿನೆಂಟ್ ಜನರಲ್ ದರ್ಜೆಗೆ ಏರಿಸಿದ್ದು ಈ ಅಸಮಾಧಾನಕ್ಕೆ ತುಪ್ಪ ಸುರಿಯಿತು. 1959ರ ಆಗಸ್ಟ್ 31ರಂದು ತಿಮ್ಮಯ್ಯ ರಾಜೀನಾಮೆ ಸಲ್ಲಿಸಿದರು. ನೆಹರೂ ಕರೆಸಿ ಮಾತನಾಡಿ, ಅದನ್ನು ಹಿಂತೆಗೆದುಕೊಳ್ಳುವಂತೆ ಮನವೊಲಿಸಿದರು. ವಿಷಯ ಪತ್ರಿಕೆಗಳಿಗೆ ತಲುಪಿತು. ಸೆಪ್ಟೆಂಬರ್ 2ರಂದು ಸಂಸತ್ತಿನಲ್ಲಿ ಮಾತನಾಡಿದ ನೆಹರೂ ಸೇನೆಯ ಮೇಲೆ ನಾಗರಿಕ ಸರ್ಕಾರದ ಅಧಿಕಾರವೇ ಪರಮೋಚ್ಚವೆಂದು ಸಾರಿ, ರಾಜೀನಾಮೆಯ ನಡೆಯನ್ನು ಟೀಕಿಸಿದರು. ಪತ್ರ ಹಿಂಪಡೆದ ಮುಖ್ಯಸ್ಥರ ಕೈಯಲ್ಲಿ ಆನಂತರ ಹೂಡಲು ಬೇರೆ ಅಸ್ತ್ರ ಉಳಿಯಲಿಲ್ಲ. ತತ್ತ್ವದ ಮಟ್ಟಿಗೆ ನೆಹರೂ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಮುಖ್ಯಸ್ಥರು ಎತ್ತಿದ್ದ ಪ್ರಶ್ನೆ ಉತ್ತರವಿಲ್ಲದೆ ಉಳಿಯಿತು. 1961ರಲ್ಲಿ ತಿಮ್ಮಯ್ಯ ನಿವೃತ್ತರಾದರು. ಮುಂದೆ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಕಮಾಂಡರ್ ಆಗಿ ಸೈಪ್ರಸ್‌ನಲ್ಲಿದ್ದಾಗ 1965ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಮಡಿಕೇರಿಯಲ್ಲಿರುವ ಅವರ ಮನೆ ‘ಸನ್ನಿ ಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡಿತು.

ತಿಮ್ಮಯ್ಯ ಅವರ ನಂತರ ಬಂದ ಜನರಲ್ ಪಿ.ಎನ್. ಥಾಪರ್ ಎದುರಿಸಿದ ಪರೀಕ್ಷೆ ಇನ್ನೂ ಕಠಿಣ. 1962ರ ಸೆಪ್ಟೆಂಬರ್‌ನಲ್ಲಿ ಚೀನಾ ಪಡೆಗಳು ಈಶಾನ್ಯ ಗಡಿಯ ಥಾಗ್ ಲಾ ಬೆಟ್ಟಸಾಲನ್ನು ದಾಟಿ ಢೋಲಾ ಠಾಣೆಯ ಬಳಿಗೆ ಬಂದಿದ್ದವು. ಅವರನ್ನು ಹೊರದಬ್ಬಬೇಕೆಂಬುದು ಸರ್ಕಾರದ ನಿಲುವು. ಹಾಗೆ ಮಾಡಿದರೆ ಚೀನಾ ಲಡಾಖ್‌ನಲ್ಲಿ ಪ್ರತೀಕಾರ ತೀರಿಸೀತು ಎಂದು ಥಾಪರ್ ಎಚ್ಚರಿಸಿದರು. ಸೆಪ್ಟೆಂಬರ್ 22ರಂದು ದೆಹಲಿಯಲ್ಲಿ ಸಭೆ ನಡೆದಾಗ ಪ್ರಧಾನಿಯೂ ರಕ್ಷಣಾ ಸಚಿವರೂ ವಿದೇಶದಲ್ಲಿದ್ದರು. ಆದೇಶವನ್ನು ಬರಹದಲ್ಲಿ ಕೊಡಿ ಎಂದು ಥಾಪರ್ ಕೇಳಿದರು. ಕೊಟ್ಟರು. ದೇಶವನ್ನು ಯುದ್ಧದ ಅಂಚಿಗೆ ಕೊಂಡೊಯ್ದ ಆ ಕಾಗದಕ್ಕೆ ಸಹಿ ಹಾಕಿದವರು ರಕ್ಷಣಾ ಸಚಿವಾಲಯದ ಒಬ್ಬ ಜಂಟಿ ಕಾರ್ಯದರ್ಶಿ.

ಬರಹದಲ್ಲಿ ಕೇಳಿದ್ದರಲ್ಲಿ ಥಾಪರ್ ಅವರ ಅಳುಕು ಕಾಣುತ್ತದೆ. ಆದರೆ ಸಿಕ್ಕ ಕಾಗದವನ್ನು ಹಿಂತಿರುಗಿಸುವ ಧೈರ್ಯ ಅವರಿಗೆ ಬರಲಿಲ್ಲ. ತಿಮ್ಮಯ್ಯ ಅವರ ರಾಜೀನಾಮೆಗೆ ಆದ ಗತಿ ಕಣ್ಣೆದುರಿಗಿದ್ದುದೂ ಇದಕ್ಕೆ ಕಾರಣವಿರಬಹುದು. ಚಳಿಗಾಲದ ಬಟ್ಟೆಯಾಗಲಿ, ಸಾಕಷ್ಟು ಫಿರಂಗಿಗಳಾಗಲಿ ಇಲ್ಲದ ಪಡೆಗಳನ್ನು ನಾಮ್ಕಾ ಚು ನದಿಯ ದಂಡೆಗೆ ಕಳುಹಿಸಲಾಯಿತು. ಅಕ್ಟೋಬರ್ 20ರಂದು ಚೀನಾ ದಾಳಿ ಆರಂಭಿಸಿತು, ಎಚ್ಚರಿಸಿದ್ದಂತೆ ಲಡಾಖ್‌ನಲ್ಲೂ. ನವೆಂಬರ್ ಮುಗಿಯುವ ಮೊದಲೇ ಸಚಿವ ಮೆನನ್, ಜನರಲ್ ಥಾಪರ್ ಇಬ್ಬರೂ ಹುದ್ದೆಯಲ್ಲಿರಲಿಲ್ಲ.

ಒಂಬತ್ತು ವರ್ಷಗಳ ನಂತರ, 1971ರ ಏಪ್ರಿಲ್‌ನಲ್ಲಿ ಇಂಥದೇ ಪ್ರಶ್ನೆ ಜನರಲ್ ಸ್ಯಾಮ್ ಮಾಣೆಕ್‌ಷಾ ಅವರ ಮುಂದೆ ಬಂತು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರು ಲಕ್ಷಗಟ್ಟಲೆ ಬರುತ್ತಿದ್ದರು, ಕೂಡಲೇ ಸೇನೆ ನುಗ್ಗಬೇಕೆಂಬ ಒತ್ತಡವಿತ್ತು. ಮಾಣೆಕ್‌ಷಾ ಮುಂದೆ ಹೇಳಿಕೊಂಡಂತೆ, ಸಂಪುಟದ ಸಭೆಯಲ್ಲಿ ಅವರು ಈಗ ಯುದ್ಧಕ್ಕೆ ಹೊರಟರೆ ಸೋಲು ಖಚಿತ ಎಂದುಬಿಟ್ಟರು. ಮುಂಗಾರು ಆರಂಭವಾದರೆ ಬಂಗಾಳದ ನದಿಗಳು ಸಮುದ್ರವಾಗುತ್ತವೆ. ಹಿಮಾಲಯದ ಕಣಿವೆಮಾರ್ಗಗಳು ತೆರೆದಿರುವುದರಿಂದ ಚೀನಾ ಕೈಹಾಕಬಹುದು. ಪಂಜಾಬಿನಲ್ಲಿ ಕೊಯ್ಲಿನ ಕಾಲವಾದ್ದರಿಂದ ರೈಲು ರಸ್ತೆಗಳೆಲ್ಲ ಸೇನೆಗೆ ಬೇಕಾದರೆ ಧಾನ್ಯ ಸಾಗಣೆ ನಿಂತುಹೋಗುತ್ತದೆ. ಬೇಕಾದರೆ ರಾಜೀನಾಮೆ ಕೊಡುತ್ತೇನೆ ಎಂದೂ ಅವರು ಪ್ರಧಾನಿ ಇಂದಿರಾ ಗಾಂಧಿ ಅವರಿಗೆ ಹೇಳಿದರಂತೆ.

ಈ ಕತೆ ಹೇಳುತ್ತ ಹೇಳುತ್ತ ಬಣ್ಣ ಪಡೆದಿದೆ. ಇಂದಿರಾ ಗಾಂಧಿ ಅವರಿಗೂ ಆಗಲೇ ಯುದ್ಧ ಬೇಕಿರಲಿಲ್ಲ, ಅವಸರಿಸುತ್ತಿದ್ದ ಸಹೋದ್ಯೋಗಿಗಳಿಗೆ ಕೇಳಿಸಲೆಂದೇ ಸೇನಾ ಮುಖ್ಯಸ್ಥರನ್ನು ಕರೆಸಿದ್ದರು ಎಂದು ವಾದಿಸುವ ಇತಿಹಾಸಕಾರರಿದ್ದಾರೆ. ಅದು ನಿಜವಾದರೂ ಮುಖ್ಯಸ್ಥರ ಪಾತ್ರ ಕಿರಿದಾಗುವುದಿಲ್ಲ. ಸೇನೆಗೆ ಸಿದ್ಧತೆಗೆ ಏಳು ತಿಂಗಳು ದೊರೆಯಿತು. ಡಿಸೆಂಬರ್ 3ರಂದು ಪಾಕಿಸ್ತಾನದ ವಿಮಾನಗಳು ಭಾರತದ ವಾಯುನೆಲೆಗಳ ಮೇಲೆರಗಿದಾಗ ಹಿಮಾಲಯದ ದಾರಿಗಳಲ್ಲಿ ಹಿಮ ತುಂಬಿತ್ತು, ಬಂಗಾಳದ ನೆಲ ಒಣಗಿತ್ತು. ಹದಿಮೂರು ದಿನಗಳಲ್ಲಿ ಯುದ್ಧ ಮುಗಿಯಿತು. 1973ರ ಜನವರಿಯಲ್ಲಿ ಮಾಣೆಕ್‌ಷಾ ದೇಶದ ಮೊದಲ ಫೀಲ್ಡ್ ಮಾರ್ಷಲ್ ಆದರು. ಥಾಪರ್ ಅವರಿಗೂ ಮಾಣೆಕ್‌ಷಾ ಅವರಿಗೂ ಕಾಯ್ದೆ ಕೊಟ್ಟಿದ್ದ ಅಧಿಕಾರ ಒಂದೇ ಆಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಸಲಹೆ ನೀಡಿದ ಮೇಲೆ ಸರ್ಕಾರ ಹಾಕಿದ ಗೆರೆಯೊಳಗೆ ಕೆಲಸ ಮಾಡಿ ತೋರಿಸುವುದು ಹುದ್ದೆಯ ಇನ್ನೊಂದು ಮುಖ. 1999ರ ಕಾರ್ಗಿಲ್ ಯುದ್ಧದಲ್ಲಿ ನಿಯಂತ್ರಣ ರೇಖೆಯನ್ನು ದಾಟಕೂಡದೆಂದು ವಾಜಪೇಯಿ ಸರ್ಕಾರ ಕಟ್ಟುನಿಟ್ಟಾಗಿ ಹೇಳಿತ್ತು. ರೇಖೆ ದಾಟಿ ಶತ್ರುವಿನ ಸರಬರಾಜು ದಾರಿಯನ್ನು ಕಡಿದಿದ್ದರೆ ಸೇನೆಯ ಕೆಲಸ ಹಗುರವಾಗುತ್ತಿತ್ತು. ಜನರಲ್ ವಿ.ಪಿ. ಮಲಿಕ್ ಅವರ ಸೇನೆ ಅದರ ಬದಲು ಶಿಖರಗಳನ್ನು ಎದುರಿನಿಂದಲೇ ಏರಿತು. ಸಾಮಗ್ರಿಗಳ ಕೊರತೆಯ ಬಗ್ಗೆ ಕೇಳಿದಾಗ, ನಮ್ಮ ಬಳಿ ಏನಿದೆಯೋ ಅದರಿಂದಲೇ ಹೋರಾಡುತ್ತೇವೆ ಎಂಬ ಅರ್ಥದ ಉತ್ತರ ನೀಡಿ ಮಲಿಕ್ ಸಂಚಲನ ಮೂಡಿಸಿದ್ದರು. ಖರೀದಿಯ ಕೀಲಿಕೈ ತಮ್ಮ ಬಳಿಯಿಲ್ಲದ ಮುಖ್ಯಸ್ಥರು ಅದಕ್ಕಿಂತ ಹೆಚ್ಚು ಹೇಳುವುದೂ ಕಷ್ಟ. ಆ ಯುದ್ಧದಲ್ಲಿ ಹುತಾತ್ಮರಾದ ಭಾರತೀಯ ಯೋಧರು 527.

ನಿರ್ಧಾರ ತಮ್ಮದಲ್ಲದಿದ್ದರೂ ಅದರ ಫಲ ಮುಖ್ಯಸ್ಥರ ಮನೆಬಾಗಿಲಿಗೇ ಬರಬಹುದು. 1984ರ ಬ್ಲೂ ಸ್ಟಾರ್ ಕಾರ್ಯಾಚರಣೆಗೆ ಆದೇಶಿಸಿದ್ದು ಸರ್ಕಾರ. ಆಗ ಭೂಸೇನಾ ಮುಖ್ಯಸ್ಥರಾಗಿದ್ದ ಜನರಲ್ ಎ.ಎಸ್. ವೈದ್ಯ ಅವರನ್ನು ನಿವೃತ್ತಿಯ ಕೆಲವೇ ತಿಂಗಳ ನಂತರ, 1986ರ ಆಗಸ್ಟ್ 10ರಂದು ಪುಣೆಯಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು.

ಆಯ್ಕೆ ಮತ್ತು ಅವಧಿ

ಭೂಸೇನಾ ಮುಖ್ಯಸ್ಥರನ್ನು ಪ್ರಧಾನಿ ನೇತೃತ್ವದ ನೇಮಕಾತಿ ಸಂಪುಟ ಸಮಿತಿ ಆರಿಸುತ್ತದೆ. ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ಮೂರು ವರ್ಷ ಅಥವಾ 62 ವರ್ಷ ವಯಸ್ಸು, ಯಾವುದು ಮೊದಲೋ ಅಲ್ಲಿಗೆ ಅವಧಿ ಮುಗಿಯುತ್ತದೆ. ಶಿಷ್ಟಾಚಾರದ ಪಟ್ಟಿಯಲ್ಲಿ ಅವರ ಸ್ಥಾನ 12ನೆಯದು, ಸಂಪುಟ ಕಾರ್ಯದರ್ಶಿಯದು 11ನೆಯದು.

ಸೇವಾ ಹಿರಿತನವನ್ನು ಮನ್ನಿಸುವುದು ಸಂಪ್ರದಾಯವೇ ಹೊರತು ಕಾನೂನಲ್ಲ. 1983ರಲ್ಲಿ ಲೆಫ್ಟಿನೆಂಟ್ ಜನರಲ್ ಎಸ್.ಕೆ. ಸಿನ್ಹಾ ಅವರನ್ನು ಬಿಟ್ಟು ವೈದ್ಯ ಅವರನ್ನು ಆರಿಸಿದಾಗ ಸಿನ್ಹಾ ರಾಜೀನಾಮೆ ನೀಡಿದರು. 2016ರ ಡಿಸೆಂಬರ್‌ನಲ್ಲಿ ಇಬ್ಬರು ಹಿರಿಯರನ್ನು ದಾಟಿ ಬಿಪಿನ್ ರಾವತ್ ಅವರ ಹೆಸರು ಪ್ರಕಟವಾಯಿತು. ಅರ್ಹತೆಯನ್ನು ಮುಂದಿಟ್ಟು ಸರ್ಕಾರ ಆರಿಸಬೇಕು ಎನ್ನುವ ವಾದದಲ್ಲಿ ಹುರುಳಿದೆ. ಆದರೆ ಆಳುವವರಿಗೆ ಹಿತವಾದದ್ದನ್ನೇ ಹೇಳುವ ಲೆಫ್ಟಿನೆಂಟ್ ಜನರಲ್‌ಗಳ ಸಾಲು ಬೆಳೆದೀತು ಎಂಬ ಭಯವೂ ಅಷ್ಟೇ ನಿಜ. 1962ರ ನೆನಪಿರುವವರಿಗೆ ಅದು ಬರಿಯ ಊಹೆಯಲ್ಲ.

ಅಪರೂಪದ ಒಂದು ಪ್ರಕರಣದಲ್ಲಿ ಮುಖ್ಯಸ್ಥರೇ ಸರ್ಕಾರವನ್ನು ನ್ಯಾಯಾಲಯಕ್ಕೆ ಎಳೆದರು. ಜನರಲ್ ವಿ.ಕೆ. ಸಿಂಗ್ ಅವರ ಜನ್ಮವರ್ಷ ಸೇನಾ ಪ್ರಧಾನ ಕಚೇರಿಯ ಒಂದು ಶಾಖೆಯ ದಾಖಲೆಯಲ್ಲಿ 1950, ಇನ್ನೊಂದರಲ್ಲಿ 1951 ಎಂದಿತ್ತು. ಸರ್ಕಾರ ಮೊದಲನೆಯದನ್ನು ಹಿಡಿಯಿತು. ಅಧಿಕಾರದಲ್ಲಿದ್ದ ಭೂಸೇನಾ ಮುಖ್ಯಸ್ಥರೊಬ್ಬರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದು ಅದೇ ಮೊದಲು. 2012ರ ಫೆಬ್ರುವರಿ 10ರಂದು ಅರ್ಜಿ ಹಿಂಪಡೆದ ಅವರು ಮೇ 31ರಂದು ನಿವೃತ್ತರಾದರು.

ಹೊಸ ಹುದ್ದೆ, ಹೊಸ ಪ್ರಶ್ನೆ

2019ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ‘ರಕ್ಷಣಾ ಪಡೆಗಳ ಮುಖ್ಯಸ್ಥ’ ಎಂಬ ಹುದ್ದೆಯನ್ನು ಸೃಷ್ಟಿಸಿತು. ಭೂಸೇನೆಯಿಂದ ನಿವೃತ್ತರಾದ ಜನರಲ್ ರಾವತ್ 2020ರ ಜನವರಿ 1ರಿಂದ ಅದನ್ನು ಅಲಂಕರಿಸಿದ ಮೊದಲಿಗರು. 2021ರ ಡಿಸೆಂಬರ್ 8ರಂದು ಕೂನೂರು ಬಳಿ ಸಂಭವಿಸಿದ ಹೆಲಿಕಾಪ್ಟರ್ ದುರಂತದಲ್ಲಿ ಅವರು ಮೃತಪಟ್ಟರು. ಹುದ್ದೆ ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ಖಾಲಿಯಿದ್ದು, 2022ರ ಸೆಪ್ಟೆಂಬರ್ 30ರಂದು ಜನರಲ್ ಅನಿಲ್ ಚೌಹಾಣ್ ಅಧಿಕಾರ ವಹಿಸಿಕೊಂಡರು.

ಮೂರೂ ಪಡೆಗಳಿಗೆ ಸಂಬಂಧಿಸಿದ ವಿಷಯಗಳಲ್ಲಿ ರಕ್ಷಣಾ ಸಚಿವರಿಗೆ ಪ್ರಧಾನ ಸಲಹೆಗಾರರು ಈ ಹೊಸ ಅಧಿಕಾರಿ. ತಂತಮ್ಮ ಪಡೆಯ ವಿಷಯದಲ್ಲಿ ಸಲಹೆ ನೀಡುವ ಹಕ್ಕು ಮೂವರು ಮುಖ್ಯಸ್ಥರಿಗೆ ಉಳಿದಿದೆ. ಅವರ ಮೇಲೆ ಹೊಸ ಅಧಿಕಾರಿಗೆ ಸೇನಾ ಆಜ್ಞಾಧಿಕಾರ ಇರುವುದಿಲ್ಲವೆಂದು ಸರ್ಕಾರ ಆಗಲೇ ಸ್ಪಷ್ಟಪಡಿಸಿತ್ತು. ಜೊತೆಗೆ ‘ಸೇನಾ ವ್ಯವಹಾರಗಳ ಇಲಾಖೆ’ ರಚನೆಯಾಗಿ, ಪಡೆಗಳ ಕಾರ್ಯಭಾರ ನಾಗರಿಕ ಕಾರ್ಯದರ್ಶಿಯ ಇಲಾಖೆಯಿಂದ ಸಮವಸ್ತ್ರಧಾರಿ ಕಾರ್ಯದರ್ಶಿಗೆ ವರ್ಗವಾಯಿತು. 1961ರಿಂದ ಕಾಡುತ್ತಿದ್ದ ದೂರಿಗೆ ಸಿಕ್ಕ ದೊಡ್ಡ ಪರಿಹಾರ ಇದು. ಆದರೆ ದೇಶದ ರಕ್ಷಣೆಯ ಒಟ್ಟು ಹೊಣೆ ಇನ್ನೂ ರಕ್ಷಣಾ ಇಲಾಖೆಯಲ್ಲೇ ಇದೆ.

ಭೂಸೇನಾ ಮುಖ್ಯಸ್ಥರ ಹುದ್ದೆಯನ್ನು ಬುಡದಿಂದಲೇ ಬದಲಾಯಿಸಬಲ್ಲದ್ದು ‘ಥಿಯೇಟರ್ ಕಮಾಂಡ್’ಗಳ ಪ್ರಸ್ತಾಪ. ಒಂದು ಗಡಿಯ ಭೂಸೇನೆ, ವಾಯುಪಡೆ, ನೌಕಾಪಡೆಗಳನ್ನೆಲ್ಲ ಒಬ್ಬನೇ ಕಮಾಂಡರ್ ಕೈಗೆ ಕೊಡುವುದು ಇದರ ತಿರುಳು. ಬೇರೆ ಬೇರೆ ಪಡೆಗಳ ಯೋಧರ ಮೇಲೆ ಒಬ್ಬ ಕಮಾಂಡರ್‌ಗೆ ಶಿಸ್ತಿನ ಅಧಿಕಾರ ನೀಡುವ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಪ್ರಸ್ತಾಪ ಪೂರ್ಣವಾಗಿ ಜಾರಿಯಾದರೆ ಯುದ್ಧದ ಕಾರ್ಯಾಚರಣೆ ಥಿಯೇಟರ್ ಕಮಾಂಡರ್‌ಗಳ ಪಾಲಾಗುತ್ತದೆ. ಸೈನಿಕರನ್ನು ಸೇರಿಸಿಕೊಳ್ಳುವುದು, ತರಬೇತಿ ಕೊಡುವುದು, ಸಜ್ಜುಗೊಳಿಸಿ ಕಳುಹಿಸುವುದು ಭೂಸೇನಾ ಮುಖ್ಯಸ್ಥರಿಗೆ ಉಳಿಯುತ್ತದೆ. ಅಮೆರಿಕದಲ್ಲಿ 1986ರ ಕಾನೂನಿನ ನಂತರ ನಡೆದಿರುವುದು ಹೆಚ್ಚುಕಡಿಮೆ ಇದೇ: ಅಲ್ಲಿ ಯುದ್ಧದ ಆದೇಶ ಅಧ್ಯಕ್ಷರಿಂದ ರಕ್ಷಣಾ ಕಾರ್ಯದರ್ಶಿಯ ಮೂಲಕ ನೇರವಾಗಿ ರಣರಂಗದ ಕಮಾಂಡರ್‌ಗಳಿಗೆ ಹೋಗುತ್ತದೆ, ಭೂಸೇನಾ ಮುಖ್ಯಸ್ಥರು ಆ ಸರಪಳಿಯಲ್ಲಿಲ್ಲ. ಭಾರತದಲ್ಲಿ ಎಷ್ಟು ಥಿಯೇಟರ್‌ಗಳಿರಬೇಕು, ಅವುಗಳ ಕಮಾಂಡರ್‌ಗಳು ಯಾರಿಗೆ ಉತ್ತರಿಸಬೇಕು ಎಂಬ ಬಗ್ಗೆ ಪಡೆಗಳ ನಡುವೆಯೇ ಭಿನ್ನಾಭಿಪ್ರಾಯಗಳು ಬಹಿರಂಗವಾಗಿ ವ್ಯಕ್ತವಾಗಿವೆ. ಕೈಯಲ್ಲಿರುವ ಸೀಮಿತ ವಿಮಾನಗಳನ್ನು ಥಿಯೇಟರ್‌ಗಳಿಗೆ ಹಂಚಿಬಿಟ್ಟರೆ ಬಲ ಚದುರಿಹೋಗುತ್ತದೆ ಎಂಬುದು ಇವುಗಳಲ್ಲಿ ವಾಯುಪಡೆಯ ಪ್ರಮುಖ ಆಕ್ಷೇಪ.